ದವಡೆಯ ಶಸ್ತ್ರಚಿಕಿತ್ಸೆಗೆ ಬೆಳಕಿನ ನಕ್ಷೆ

ಮನುಷ್ಯನ ಮುಖವು ಹದಿನಾಲ್ಕು ಎಲುಬುಗಳಿಂದಾದ ಒಂದು ನಾಜೂಕಾದ ಕಟ್ಟಡ. ಇವುಗಳಲ್ಲಿ ಕೆಳದವಡೆಯೊಂದು ಮಾತ್ರ ಚಲಿಸುತ್ತದೆ. ಉಳಿದವೆಲ್ಲ ಪರಸ್ಪರ ಬೆಸೆದುಕೊಂಡು ನಿಶ್ಚಲವಾಗಿವೆ. ಕಣ್ಣುಗುಡ್ಡೆಯನ್ನು ಹೊತ್ತಿರುವ ಗುಳಿಯ ತಳದ ಎಲುಬು ಕೆಲವೆಡೆ ಒಂದು ಮಿಲಿಮೀಟರಿನಷ್ಟೂ ದಪ್ಪವಿರುವುದಿಲ್ಲ. ಕೆಳದವಡೆಯ ಒಡಲಿನಲ್ಲಿ ಒಂದು ಕಿರಿದಾದ ಕಾಲುವೆಯಿದ್ದು, ಕೆಳದುಟಿಗೂ ಗಲ್ಲಕ್ಕೂ ಸ್ಪರ್ಶಜ್ಞಾನವನ್ನು ನೀಡುವ ನರವು ಅದರೊಳಗೆ ಸಾಗಿ, ಗಲ್ಲದ ಪಕ್ಕದ ಒಂದು ರಂಧ್ರದಿಂದ ಹೊರಬೀಳುತ್ತದೆ. ಕಿವಿಯ ಬಳಿಯಿಂದ ಐದು ಕವಲಾಗಿ ಹರಡುವ ಇನ್ನೊಂದು ನರದ ಮೇಲೆ ನಗುವುದು, ಹುಬ್ಬೇರಿಸುವುದು, ರೆಪ್ಪೆ ಮುಚ್ಚುವುದು ಇವೆಲ್ಲವೂ ಅವಲಂಬಿಸಿವೆ. ಹೊಟ್ಟೆಯ ಮೇಲಿನ ಗಾಯದ ಗುರುತನ್ನು ಅಂಗಿ ಮುಚ್ಚುತ್ತದೆ. ಮುಖದ ಮೇಲೆ ಆದ ತಪ್ಪನ್ನು ಮುಚ್ಚುವ ವಸ್ತ್ರವಿಲ್ಲ.

ಇಂತಹ ಸ್ಥಳದಲ್ಲಿ ಗರಗಸವನ್ನಾಡಿಸುವ ಶಸ್ತ್ರವೈದ್ಯನ ಮುಖ್ಯ ತೊಡಕೆಂದರೆ, ತಾನು ಯಾವುದನ್ನು ಕತ್ತರಿಸಬಾರದೋ ಅದು ಅವನ ಕಣ್ಣಿಗೆ ಕಾಣುವುದಿಲ್ಲ. ನರವು ಎಲುಬಿನೊಳಗಿದೆ, ಎಲುಬು ಮಾಂಸದೊಳಗಿದೆ, ಮಾಂಸವು ಚರ್ಮದೊಳಗಿದೆ. ಕ್ಷ-ಕಿರಣದ ಚಿತ್ರವೇನೋ ಇದೆ. ಆದರೆ ಅದು ಗೋಡೆಯ ಮೇಲಿನ ದೀಪದ ಪೆಟ್ಟಿಗೆಯಲ್ಲಿ ಅಥವಾ ಗಣಕಯಂತ್ರದ ಪರದೆಯಲ್ಲಿದೆ. ವೈದ್ಯನು ಒಮ್ಮೆ ಚಿತ್ರವನ್ನು ನೋಡಬೇಕು, ಮತ್ತೆ ರೋಗಿಯ ಕಡೆಗೆ ತಿರುಗಬೇಕು. ನೋಡಿದ್ದನ್ನು ನೆನಪಿನಲ್ಲಿಟ್ಟುಕೊಂಡು ಕೈಯಾಡಿಸಬೇಕು. ಆ ಚಿತ್ರವನ್ನು ಗೋಡೆಯಿಂದ ಇಳಿಸಿ, ಮೇಜಿನ ಮೇಲೆ ಮಲಗಿರುವ ರೋಗಿಯ ಮುಖದ ಮೇಲೆಯೇ, ಇರಬೇಕಾದ ಜಾಗದಲ್ಲಿಯೇ, ಬೆಳಕಿನ ರೇಖೆಗಳಾಗಿ ತೋರಿಸುವ ವಿದ್ಯೆಯೊಂದು ಈಚಿನ ಮೂರು ದಶಕಗಳಲ್ಲಿ ಬೆಳೆದುಬಂದಿದೆ. ಅದನ್ನು ಇಂಗ್ಲಿಷಿನಲ್ಲಿ ಆಗ್‌ಮೆಂಟೆಡ್ ರಿಯಾಲಿಟಿ ಎನ್ನುತ್ತಾರೆ. ಕನ್ನಡದಲ್ಲಿ ವರ್ಧಿತ ವಾಸ್ತವ ಎಂಬ ಪದವು ಬಳಕೆಗೆ ಬಂದಿದೆ. ಸಿನಿಮಾದ ಮಾಯಾಲೋಕದಂತೆ ಇಲ್ಲದ ಪ್ರಪಂಚವನ್ನು ಸೃಷ್ಟಿಸುವುದು ಇದರ ಕೆಲಸವಲ್ಲ. ಇರುವುದರ ಮೇಲೆ, ಇದ್ದೂ ಕಾಣದಿರುವುದನ್ನು ಸೇರಿಸಿ ತೋರಿಸುವುದು ಮಾತ್ರ.

ಒಡಲಿನ ಒಳಗನ್ನು ಕಾಣುವ ಹಂಬಲಕ್ಕೂ ಕಲ್ಕತ್ತಾ ನಗರಕ್ಕೂ ಹಳೆಯ ನಂಟಿದೆ. 1835ರಲ್ಲಿ ಇಲ್ಲಿ ಮೆಡಿಕಲ್ ಕಾಲೇಜು ಸ್ಥಾಪನೆಯಾದ ಮರುವರ್ಷವೇ, ಆಯುರ್ವೇದ ಪಂಡಿತರಾಗಿದ್ದ ಮಧುಸೂದನ ಗುಪ್ತರು ಸಂಪ್ರದಾಯದ ವಿರೋಧವನ್ನು ಲೆಕ್ಕಿಸದೆ ಮನುಷ್ಯನ ಶವವನ್ನು ಛೇದಿಸಿದರು. ಅಂದು ಫೋರ್ಟ್ ವಿಲಿಯಮ್ಮಿನಿಂದ ತೋಪು ಹಾರಿಸಿ ಗೌರವ ಸಲ್ಲಿಸಿದರೆಂಬ ಐತಿಹ್ಯವೂ ಇದೆ. 1895ರಲ್ಲಿ ಜರ್ಮನಿಯ ರಾಂಟ್ಜೆನ್ ಕ್ಷ-ಕಿರಣವನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಪ್ರಯೋಗಶಾಲೆಯಲ್ಲಿ ಜಗದೀಶಚಂದ್ರ ಬೋಸರು ಅದರ ಉಪಕರಣವನ್ನು ಸಿದ್ಧಪಡಿಸಿಕೊಂಡಿದ್ದರು. ಇನ್ನು ದಂತವೈದ್ಯಕ್ಕಂತೂ ಈ ನಗರವೇ ಭಾರತದ ತವರುಮನೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ಪದವಿ ಪಡೆದು ಮರಳಿದ ಡಾ. ರಫಿಯುದ್ದೀನ್ ಅಹ್ಮದ್ ಅವರು 1920ರಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜನ್ನು ಇಲ್ಲಿ ತೆರೆದರು. ಮೂಲಧನ ಎಲ್ಲಿಂದ ಬಂತೆಂಬುದು ಸ್ವಾರಸ್ಯಕರ: ನ್ಯೂಯಾರ್ಕ್ ಸೋಡಾ ಫೌಂಟನ್ ಎಂಬ ತಂಪು ಪಾನೀಯದ ಅಂಗಡಿಯನ್ನಿಟ್ಟು, ಅದರ ಆದಾಯದಿಂದ ಕಾಲೇಜನ್ನು ನಡೆಸಿದರು. ಹಲ್ಲು ಕೆಡಿಸುವ ಸಕ್ಕರೆಯ ನೀರಿನಿಂದಲೇ ಹಲ್ಲು ಉಳಿಸುವ ವಿದ್ಯೆ ನಡೆದುದು ವಿಧಿಯ ವಿನೋದವೆನ್ನಬೇಕು. 1949ರಲ್ಲಿ ಅವರು ಸಂಸ್ಥೆಯನ್ನು ಸರ್ಕಾರಕ್ಕೆ ಒಪ್ಪಿಸಿದರು. ಇಂದಿಗೂ ಅವರ ಹೆಸರಿನ ಆ ಕಾಲೇಜು ಆಸ್ಪತ್ರೆಯು ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯಲ್ಲಿ, ಸಿಯಾಲ್ದಾ ನಿಲ್ದಾಣಕ್ಕೆ ಸಮೀಪದಲ್ಲಿದೆ. ಅವರ ಜನ್ಮದಿನವಾದ ಡಿಸೆಂಬರ್ 24 ರಾಷ್ಟ್ರೀಯ ದಂತವೈದ್ಯರ ದಿನವೆನಿಸಿದೆ.

ಈ ನೂತನ ವಿದ್ಯೆಯ ಪ್ರಯೋಜನವನ್ನು ಅರಿಯಲು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಮಲೆನಾಡಿನಿಂದ ಬಂದು ಬಡಾಬಜಾರಿನಲ್ಲಿ ಮೂವತ್ತು ವರ್ಷ ವ್ಯವಹಾರ ಮಾಡಿದ ಗೃಹಸ್ಥರೊಬ್ಬರು. ಊರಿನಿಂದ ಬರುವ ಅಡಿಕೆ, ಇಲ್ಲಿನ ಮೀಠಾ ಎಲೆ, ನಡುನಡುವೆ ಹೊಗೆಸೊಪ್ಪು. ದಿನಕ್ಕೆ ಹತ್ತು ಹನ್ನೆರಡು ಸಲ ಬಾಯಿ ತುಂಬಿರುತ್ತದೆ. ಮೊದಲು ಖಾರ ತಿಂದರೆ ಉರಿಯತೊಡಗಿತು. ಅನಂತರ ಬಾಯಿ ಪೂರ್ತಿ ತೆರೆಯದಾಯಿತು. ಕೆಳದವಡೆಯ ಒಸಡಿನ ಬಳಿ ಮಾಯದ ಹುಣ್ಣೊಂದು ಉಳಿಯಿತು. ಪರೀಕ್ಷೆಯಲ್ಲಿ ಅದು ಕ್ಯಾನ್ಸರೆಂದೂ ಎಲುಬಿಗೆ ಇಳಿದಿದೆಯೆಂದೂ ತಿಳಿಯಿತು. ಇದೇನೂ ಅಪರೂಪದ ಕಥೆಯಲ್ಲ; ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರುಗಳಲ್ಲಿ ಬಾಯಿಯದೂ ಒಂದು. ಹೊಗೆಸೊಪ್ಪು ಬೆರೆಸದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಪಷ್ಟಪಡಿಸಿದೆ. ಅಡಿಕೆಯ ತೋಟದಿಂದಲೇ ಮಕ್ಕಳನ್ನು ಓದಿಸಿದ ಮನೆತನಗಳಿಗೆ ಇದು ಹಿತವಾದ ಮಾತಲ್ಲ. ಆದರೂ ಹೇಳದೆ ಗತ್ಯಂತರವಿಲ್ಲ.

ಆ ಗೃಹಸ್ಥರಿಗೆ ಮಾಡಬೇಕಾದ ಚಿಕಿತ್ಸೆ ಎರಡು ಹಂತದ್ದು. ರೋಗವಿರುವ ಎಲುಬನ್ನು ಸುತ್ತಲಿನ ಆರೋಗ್ಯವಂತ ಭಾಗದ ಒಂದು ಅಂಚನ್ನೂ ಸೇರಿಸಿ ತೆಗೆಯಬೇಕು. ಹಾಗೆ ತೆಗೆದ ಜಾಗದಲ್ಲಿ ಬೇರೊಂದು ಎಲುಬನ್ನು ಕೂರಿಸಬೇಕು; ಇಲ್ಲವಾದರೆ ಮುಖ ಒಂದು ಬದಿಗೆ ಕುಸಿದು, ಅಗಿಯಲೂ ನುಂಗಲೂ ಸ್ಪಷ್ಟವಾಗಿ ಮಾತನಾಡಲೂ ಆಗದೆ ಹೋಗುತ್ತದೆ. ಬದಲಿ ಎಲುಬು ದೊರೆಯುವುದು ಕಾಲಿನಿಂದ. ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಫಿಬುಲಾ ಎಂಬ ತೆಳು ಎಲುಬಿನ ನಡುಭಾಗವನ್ನು ಅದರ ರಕ್ತನಾಳದ ಸಮೇತ ತೆಗೆದು, ತುಂಡುಗಳಾಗಿ ಕತ್ತರಿಸಿ, ದವಡೆಯ ಬಾಗಿಗೆ ಹೊಂದುವಂತೆ ಕೋನಕೋನವಾಗಿ ಜೋಡಿಸಿ, ಕತ್ತಿನ ರಕ್ತನಾಳಕ್ಕೆ ಹೊಲಿಯುತ್ತಾರೆ. ಕೆಳದವಡೆಗೆ ಈ ಕ್ರಮವನ್ನು ಅಮೆರಿಕದ ಡೇವಿಡ್ ಹಿಡಾಲ್ಗೊ 1989ರಲ್ಲಿ ಪ್ರಕಟಿಸಿದರು. ನೇರವಾದ ಬಿದಿರಿನ ಕೋಲನ್ನು ಕತ್ತರಿಸಿ ಕಮಾನು ಮಾಡುವಂತಹ ಕೆಲಸವಿದು. ಒಂದು ಕೋನದಲ್ಲಿ ಅಲ್ಪ ವ್ಯತ್ಯಾಸವಾದರೂ ಮುಂದಿನ ಪ್ರತಿಯೊಂದು ಜೋಡಣೆಯಲ್ಲೂ ಅದು ಬೆಳೆಯುತ್ತ ಹೋಗಿ, ಕೊನೆಗೆ ಹಲ್ಲು ಹಲ್ಲಿಗೆ ಕೂಡುವುದಿಲ್ಲ. ಸಾಲದುದಕ್ಕೆ, ಬಾಯಿ ಸರಿಯಾಗಿ ತೆರೆಯದ ರೋಗಿಯಲ್ಲಿ ವೈದ್ಯನಿಗೆ ಸಿಗುವ ನೋಟವೂ ಕಿರಿದು.

ಇಲ್ಲಿ ಬೆಳಕಿನ ನಕ್ಷೆಯು ನೆರವಿಗೆ ಬರುತ್ತದೆ. ಅದನ್ನು ಸಿದ್ಧಪಡಿಸುವ ಕ್ರಮ ಹೀಗಿದೆ. ಮೊದಲು ಸಿ.ಟಿ. ಸ್ಕ್ಯಾನ್. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಯಂತ್ರವು ಮೊದಲ ಬಾರಿಗೆ ರೋಗಿಯ ತಲೆಯನ್ನು ಹೋಳುಹೋಳಾಗಿ ಚಿತ್ರಿಸಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕರಿಗೂ ನೊಬೆಲ್ ಪಾರಿತೋಷಕ ಸಂದಿತು. ಸೌತೆಕಾಯಿಯನ್ನು ತೆಳುವಾಗಿ ಹೆಚ್ಚಿದಂತೆ ದೊರೆಯುವ ಈ ಹೋಳುಗಳನ್ನು ಗಣಕಯಂತ್ರವು ಮತ್ತೆ ಒಂದರ ಮೇಲೊಂದು ಜೋಡಿಸಿ ಇಡೀ ತಲೆಬುರುಡೆಯ ಮೂರ್ತಿಯನ್ನು ಕಟ್ಟುತ್ತದೆ. ಎಲುಬಿಗೊಂದು ಬಣ್ಣ, ನರದ ಕಾಲುವೆಗೊಂದು ಬಣ್ಣ, ಗಡ್ಡೆಗೊಂದು ಬಣ್ಣ ಕೊಡಲಾಗುತ್ತದೆ. ವೈದ್ಯನು ಪರದೆಯ ಮೇಲೆ ಈ ಮೂರ್ತಿಯನ್ನು ತಿರುಗಿಸಿ ನೋಡಿ, ಎಲ್ಲಿ ಕತ್ತರಿಸಬೇಕು, ಯಾವ ಕೋನದಲ್ಲಿ, ಎಷ್ಟು ಉದ್ದ ಎಂಬುದನ್ನು ಮುಂಚೆಯೇ ನಿರ್ಧರಿಸುತ್ತಾನೆ. ರೋಗಿಯ ಮೈಗೆ ಕತ್ತಿ ತಾಗುವ ಮೊದಲೇ ಶಸ್ತ್ರಚಿಕಿತ್ಸೆಯು ಪರದೆಯ ಮೇಲೆ ಒಮ್ಮೆ ನಡೆದುಹೋಗಿರುತ್ತದೆ.

ಎರಡನೆಯ ಹಂತವೇ ಇಡೀ ವಿದ್ಯೆಯ ಜೀವಾಳ. ಗಣಕಯಂತ್ರದೊಳಗಿನ ಮೂರ್ತಿಗೂ ಮೇಜಿನ ಮೇಲೆ ಮಲಗಿರುವ ಮನುಷ್ಯನಿಗೂ ತಾಳೆಯಾಗಬೇಕು. ಬ್ಯಾಂಕಿನ ವ್ಯವಹಾರವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಾಕಿಯ ಪುಸ್ತಕದಲ್ಲಿ ಒಂದು ಶಿಲ್ಕು, ಬ್ಯಾಂಕಿನ ಲೆಡ್ಜರಿನಲ್ಲಿ ಮತ್ತೊಂದು ಶಿಲ್ಕು ಇದ್ದರೆ, ಎರಡೂ ಎಷ್ಟೇ ಅಂದವಾದ ಅಕ್ಷರದಲ್ಲಿ ಬರೆದಿದ್ದರೂ ಪ್ರಯೋಜನವಿಲ್ಲ. ಹಾಗೆಯೇ, ಚಿತ್ರದಲ್ಲಿ ನರ ಇರುವ ಜಾಗಕ್ಕೂ ಮೈಯಲ್ಲಿ ನರ ಇರುವ ಜಾಗಕ್ಕೂ ಮೂರು ಮಿಲಿಮೀಟರ್ ಅಂತರ ಬಿದ್ದರೆ, ಆ ಚಿತ್ರವು ಮಾರ್ಗದರ್ಶಿಯಾಗುವ ಬದಲು ದಾರಿ ತಪ್ಪಿಸುವ ಸಂಗಾತಿಯಾಗುತ್ತದೆ. ಚಿತ್ರವೇ ಇಲ್ಲದಿದ್ದರೆ ವೈದ್ಯನು ಎಚ್ಚರದಿಂದ ತಡಕಾಡುತ್ತಿದ್ದ. ಹೊಳೆಯುವ ತಪ್ಪು ಚಿತ್ರವಾದರೋ ಅವನ ಎಚ್ಚರವನ್ನೇ ಕಸಿಯಬಲ್ಲದು.

ತಾಳೆ ನೋಡಲು ಗುರುತುಗಳು ಬೇಕು. ಚರ್ಮಕ್ಕೆ ಅಂಟಿಸಿದ ಗುರುತುಗಳು ಬಾವು ಬಂದಾಗ ಸರಿಯುತ್ತವೆ. ಎಲುಬಿಗೆ ಸಣ್ಣ ತಿರುಪುಗಳನ್ನು ಹಾಕುವುದು ನಿಖರವಾದರೂ ರೋಗಿಗೆ ಹೆಚ್ಚಿನ ನೋವು. ಆದರೆ ದವಡೆಯ ವಿಷಯದಲ್ಲಿ ಪ್ರಕೃತಿಯೇ ಅನುಕೂಲ ಮಾಡಿಕೊಟ್ಟಿದೆ. ಎಲುಬಿನಲ್ಲಿ ಭದ್ರವಾಗಿ ನಾಟಿಕೊಂಡು ಹೊರಗೆ ಕಾಣುವಂತೆ ನಿಂತಿರುವ ಹಲ್ಲುಗಳಿಗಿಂತ ಒಳ್ಳೆಯ ಗುರುತು ಇನ್ನಾವುದಿದೆ? ಟೋಕಿಯೋ ವಿಶ್ವವಿದ್ಯಾಲಯದ ಹಿದೆಯುಕಿ ಸುಎನಾಗ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೇರೆ ಯಾವ ಗುರುತನ್ನೂ ಇಡದೆ, ಎರಡು ಕ್ಯಾಮರಾಗಳಿಂದ ಹಲ್ಲಿನ ಆಕಾರದ ಅಂಚನ್ನೇ ಹಿಡಿದು ತಾಳೆ ಮಾಡಿ, ತಪ್ಪನ್ನು ಒಂದು ಮಿಲಿಮೀಟರಿನ ಒಳಗೆ ತಂದರು. ಹಲ್ಲುಗಳನ್ನೆಲ್ಲ ಕಳೆದುಕೊಂಡ ವೃದ್ಧರಲ್ಲಿ ಈ ಸೌಕರ್ಯವಿಲ್ಲ. ಹಲ್ಲಿನ ಹುಳುಕಿಗೆ ತುಂಬಿದ ಲೋಹವೂ ಸಿ.ಟಿ. ಚಿತ್ರದಲ್ಲಿ ನಕ್ಷತ್ರದ ಕಿರಣಗಳಂತೆ ಗೆರೆಗಳನ್ನೆಬ್ಬಿಸಿ ಅಂಚನ್ನು ಮಸುಕುಗೊಳಿಸುತ್ತದೆ.

ಒಮ್ಮೆ ತಾಳೆಯಾದರೆ ಸಾಲದು. ಅದು ಕೊನೆಯವರೆಗೂ ಉಳಿಯಬೇಕು. ರೋಗಿಯ ತಲೆ ಕೊಂಚ ಹೊರಳಬಹುದು, ವೈದ್ಯನು ಬಗ್ಗಬಹುದು. ಆದುದರಿಂದ ಅವಗೆಂಪು ಕಿರಣದ ಕ್ಯಾಮರಾವೊಂದು ರೋಗಿಯ ತಲೆಗೂ ಉಪಕರಣಕ್ಕೂ ಬಿಗಿದ ಹೊಳೆಯುವ ಪುಟ್ಟ ಗುಂಡುಗಳನ್ನು ಎಡೆಬಿಡದೆ ಗಮನಿಸುತ್ತ, ಚಿತ್ರವನ್ನು ಕ್ಷಣಕ್ಷಣಕ್ಕೂ ಸರಿಪಡಿಸುತ್ತಿರುತ್ತದೆ. ಮೇಲ್ದವಡೆಯು ತಲೆಬುರುಡೆಗೆ ಅಂಟಿಕೊಂಡಿರುವುದರಿಂದ ತಲೆಯ ಜಾಡನ್ನು ಹಿಡಿದರೆ ಸಾಕು. ಕೆಳದವಡೆಯಾದರೋ ತನ್ನಷ್ಟಕ್ಕೆ ತಾನು ಅಲುಗುವುದರಿಂದ ಅದಕ್ಕೆ ಪ್ರತ್ಯೇಕ ಗುಂಡುಗಳನ್ನು ಬಿಗಿಯಬೇಕು, ಇಲ್ಲವೇ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಕಟ್ಟಿ ನಿಲ್ಲಿಸಬೇಕು.

ಚಿತ್ರವನ್ನು ತೋರಿಸುವ ಬಗೆಗಳು ಹಲವು. ಕ್ಯಾಮರಾ ಹಿಡಿದ ದೃಶ್ಯದ ಮೇಲೆ ರೇಖೆಗಳನ್ನು ಬೆರೆಸಿ ಪರದೆಯಲ್ಲಿ ತೋರಿಸಬಹುದು. ದೀಪದಿಂದ ನೇರವಾಗಿ ಚರ್ಮದ ಮೇಲೆ ಚೆಲ್ಲಬಹುದು. ವೈದ್ಯನು ಧರಿಸಿದ ಕನ್ನಡಕದ ಗಾಜಿನಲ್ಲಿಯೇ ಮೂಡಿಸಬಹುದು. ತಲೆಗೆ ಧರಿಸುವ ಇಂತಹ ಸಾಧನವನ್ನು ಅಮೆರಿಕದ ಐವಾನ್ ಸದರ್ಲೆಂಡ್ 1968ರಲ್ಲಿಯೇ ರಚಿಸಿದ್ದರು. ಅದರ ಭಾರ ಎಷ್ಟಿತ್ತೆಂದರೆ ಛಾವಣಿಯಿಂದ ತೂಗುಹಾಕಬೇಕಾಗಿತ್ತು. ಆಗ್‌ಮೆಂಟೆಡ್ ರಿಯಾಲಿಟಿ ಎಂಬ ಹೆಸರು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, 1990ರ ಸುಮಾರಿಗೆ ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ. ವಿಮಾನದ ತಂತಿಗಳನ್ನು ಜೋಡಿಸುವ ಕಾರ್ಮಿಕರಿಗೆ ನಕ್ಷೆಯನ್ನು ಕಣ್ಣೆದುರಿಗೇ ತೋರಿಸಲು ಟಾಮ್ ಕಾಡೆಲ್ ಎಂಬವರು ಹೂಡಿದ ಉಪಾಯವದು. ಮುಖದ ಶಸ್ತ್ರಚಿಕಿತ್ಸೆಗೆ ಇದನ್ನು ತಂದವರಲ್ಲಿ ವಿಯೆನ್ನಾದ ಆರ್ನೆ ವಾಗ್ನರ್, ರಾಲ್ಫ್ ಎವರ್ಸ್ ಮುಂತಾದವರು ಮೊದಲಿಗರು. 1995ರ ವೇಳೆಗೆ ಅವರು ಗಡ್ಡೆಗಳ ಚಿಕಿತ್ಸೆಯಲ್ಲಿ ಇದನ್ನು ಬಳಸಿ ವರದಿ ಮಾಡಿದ್ದರು. ಇಟಲಿಯ ಬೊಲೋನ್ಯಾದಲ್ಲಿ ಜೊವಾನ್ನಿ ಬದಿಯಾಲಿಯವರ ತಂಡವು 2014ರಲ್ಲಿ ತಲೆಬುರುಡೆಯ ಪ್ರತಿಕೃತಿಯ ಮೇಲೆ ಮೇಲ್ದವಡೆಯನ್ನು ಸ್ಥಳಾಂತರಿಸಿ ನೋಡಿದಾಗ ಸರಾಸರಿ ತಪ್ಪು ಎರಡು ಮಿಲಿಮೀಟರಿಗಿಂತ ಕಡಿಮೆಯಿತ್ತು. 2020ರ ಫೆಬ್ರುವರಿಯಲ್ಲಿ ಅಲ್ಲಿಯ ಸಾಂತ್ ಓರ್ಸೊಲಾ ಆಸ್ಪತ್ರೆಯಲ್ಲಿ, ಯುರೋಪಿನ ನೆರವಿನಿಂದ ಸಿದ್ಧವಾದ ವೋಸ್ಟಾರ್ಸ್ ಎಂಬ ಶಿರಸ್ತ್ರಾಣವನ್ನು ಧರಿಸಿ, ರೋಗಿಯೊಬ್ಬರ ದವಡೆಗಳನ್ನು ಸರಿಪಡಿಸಿದರು. ಪ್ರತಿಕೃತಿಯಿಂದ ಜೀವಂತ ಮನುಷ್ಯನವರೆಗಿನ ಈ ಆರು ವರ್ಷಗಳ ತಾಳ್ಮೆ ಮೆಚ್ಚತಕ್ಕದ್ದು.

ಹಾಗೆಂದು ಎಲ್ಲವೂ ಸುಗಮವೆಂದು ಭಾವಿಸಬಾರದು. ಕನ್ನಡಕದ ಗಾಜಿನ ಚಿತ್ರವು ಸಾಮಾನ್ಯವಾಗಿ ಸುಮಾರು ಎರಡು ಮೀಟರ್ ದೂರದಲ್ಲಿರುವಂತೆ ಕಣ್ಣಿಗೆ ತೋರುತ್ತದೆ. ಶಸ್ತ್ರವೈದ್ಯನ ಕೈ ಕೆಲಸ ಮಾಡುವುದು ಅದರ ಕಾಲುಭಾಗದಷ್ಟು ದೂರದಲ್ಲಿ. ಎರಡನ್ನೂ ಏಕಕಾಲದಲ್ಲಿ ಸ್ಪಷ್ಟವಾಗಿ ಕಾಣಲಾರದೆ ಕಣ್ಣು ದಣಿಯುತ್ತದೆ. ಎಲುಬಿನೊಳಗಿನ ನರವು ಎಲುಬಿನ ಮೇಲೆಯೇ ಬರೆದ ಗೆರೆಯಂತೆ ಕಂಡು ಆಳದ ಅಂದಾಜು ತಪ್ಪುವುದೂ ಉಂಟು. ಎಲುಬು ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ, ಆದುದರಿಂದಲೇ ದವಡೆಯು ಈ ವಿದ್ಯೆಗೆ ಹೇಳಿಮಾಡಿಸಿದ ಅಂಗ. ಕೆನ್ನೆಯ ಮಾಂಸ, ನಾಲಿಗೆಗಳಾದರೋ ಕತ್ತಿ ತಾಗಿದೊಡನೆ ಸರಿದುಹೋಗುತ್ತವೆ, ನಿನ್ನೆಯ ಸ್ಕ್ಯಾನಿನ ಚಿತ್ರ ಅವಕ್ಕೆ ಹೊಂದುವುದಿಲ್ಲ. ಗಡ್ಡೆಯೂ ಕಾಯುತ್ತ ಕೂರುವುದಿಲ್ಲ. ತಿಂಗಳುಗಟ್ಟಲೆ ಹಳೆಯದಾದ ಸ್ಕ್ಯಾನಿನಿಂದ ಎಳೆದ ಗಡಿರೇಖೆಯನ್ನು ಅದು ದಾಟಿರಬಹುದು.

ಇನ್ನೂ ಗಂಭೀರವಾದ ಅಪಾಯವೊಂದಿದೆ. ಕೆನಡಾದ ಟೊರಾಂಟೊದಲ್ಲಿ ಮೂಗಿನ ಸುತ್ತಲಿನ ಕುಹರಗಳ ಶಸ್ತ್ರಚಿಕಿತ್ಸೆಯನ್ನು ಶವದ ಮೇಲೆ ಅಭ್ಯಾಸ ಮಾಡಿಸಿ ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ವೈದ್ಯರ ದೃಷ್ಟಿಯ ಎದುರಿಗೆ, ಅಲ್ಲಿರಬಾರದ ವಸ್ತುವೊಂದನ್ನು ಬೇಕೆಂದೇ ಇಡಲಾಗಿತ್ತು. ಬೆಳಕಿನ ರೇಖೆಗಳ ನೆರವಿದ್ದ ವೈದ್ಯರು ತಮ್ಮ ಗುರಿಯನ್ನು ಹೆಚ್ಚು ನಿಖರವಾಗಿ ಮುಟ್ಟಿದರು. ಆದರೆ ಎದುರಿಗಿದ್ದುದನ್ನು ಕಾಣದೆ ಹೋದವರೂ ಅವರಲ್ಲಿಯೇ ಹೆಚ್ಚು. ರೇಖೆಯನ್ನು ನೋಡುವ ಕಣ್ಣು ರಕ್ತವನ್ನು ನೋಡುವುದನ್ನು ಮರೆಯಬಾರದಷ್ಟೆ. ಈ ಕಾರಣದಿಂದಲೇ ಅನುಭವಸ್ಥರು ಚಿತ್ರವನ್ನು ಸದಾ ಮುಂದಿರಿಸಿಕೊಳ್ಳದೆ, ಬೇಕೆಂದಾಗ ಮಾತ್ರ ಕರೆದು, ಸಾಕೆಂದಾಗ ಕಳಿಸುವ ಕ್ರಮವನ್ನು ಇಷ್ಟಪಡುತ್ತಾರೆ. ಶುದ್ಧಗೊಳಿಸಿದ ಕೈಗವಸಿನ ಕೈ ಏನನ್ನೂ ಮುಟ್ಟಬಾರದಾದುದರಿಂದ ಧ್ವನಿಯಿಂದಲೋ ಗಾಳಿಯಲ್ಲಿ ಬೆರಳಾಡಿಸಿಯೋ ಈ ಆಜ್ಞೆಯನ್ನು ಕೊಡುತ್ತಾರೆ.

ವೆಚ್ಚದ ಮಾತು ಬಾರದೆ ಯಾವ ಯೋಜನೆಯೂ ಮುಗಿಯದು. ಆಸ್ಪತ್ರೆಗಳಲ್ಲಿ ಬಹಳವಾಗಿ ಪರೀಕ್ಷೆಗೊಳಗಾದ ಮೈಕ್ರೋಸಾಫ್ಟಿನ ಹೋಲೋಲೆನ್ಸ್ ಎರಡನೆಯ ಮಾದರಿ 2019ರಲ್ಲಿ ಬಂದಾಗ ಅದರ ಬೆಲೆ 3,500 ಡಾಲರ್, ತೂಕ ಅರ್ಧ ಕಿಲೋಗ್ರಾಮಿಗೂ ಹೆಚ್ಚು. 2024ರಲ್ಲಿ ಕಂಪನಿಯು ಅದರ ತಯಾರಿಕೆಯನ್ನೇ ನಿಲ್ಲಿಸಿತು. ಯಂತ್ರ ಕೊಂಡ ಆಸ್ಪತ್ರೆಯು ಬಿಡಿಭಾಗಕ್ಕೂ ದುರಸ್ತಿಗೂ ಯಾರ ಮನೆಬಾಗಿಲು ತಟ್ಟಬೇಕು? ಸಾಲ ಮಂಜೂರು ಮಾಡುವ ಅಧಿಕಾರಿಯಾಗಿದ್ದರೆ ಮೊದಲು ಕೇಳುವ ಪ್ರಶ್ನೆ ಇದೇ. ಇದಕ್ಕೆ ಹೋಲಿಸಿದರೆ, ಅದೇ ಸಿ.ಟಿ. ಚಿತ್ರದಿಂದ ಮೂರು ಆಯಾಮದ ಮುದ್ರಣಯಂತ್ರದಲ್ಲಿ ತಯಾರಿಸುವ ಪ್ಲಾಸ್ಟಿಕ್ಕಿನ ಅಚ್ಚು ಅಗ್ಗವೂ ಸರಳವೂ ಆದುದು. ಎಲುಬಿನ ಮೇಲೆ ಕೂರಿಸಿದರೆ ಅದರ ಸೀಳಿನಲ್ಲಿ ಗರಗಸವು ತಾನಾಗಿಯೇ ಸರಿಯಾದ ಕೋನದಲ್ಲಿ ಓಡುತ್ತದೆ. ಆದರೆ ಅಚ್ಚನ್ನು ಒಮ್ಮೆ ಮುದ್ರಿಸಿದ ಮೇಲೆ, ಮೇಜಿನ ಬಳಿ ರೋಗ ನಿರೀಕ್ಷೆಗಿಂತ ಮುಂದುವರಿದಿರುವುದು ಕಂಡರೆ, ಅದನ್ನು ಹಿಗ್ಗಿಸುವಂತಿಲ್ಲ. ಬೆಳಕಿನ ರೇಖೆಯನ್ನಾದರೆ ಅಲ್ಲಿಯೇ ತಿದ್ದಬಹುದು. ಹೀಗೆ ಎರಡಕ್ಕೂ ಅದರದರ ಸ್ಥಾನವಿದೆ. ಸಾಧಾರಣವಾದ ದವಡೆಯ ಬಿರುಕಿಗೆ, ಹಲ್ಲು ಕೀಳುವುದಕ್ಕೆ ಇವೆರಡರ ಅಗತ್ಯವೂ ಇಲ್ಲ.

ಇಂತಹ ಚಿಕಿತ್ಸೆಗೆ ಒಳಗಾಗಬೇಕಾದವರು ಮತ್ತು ಅವರ ಮನೆಯವರು ವೈದ್ಯರಲ್ಲಿ ಸಂಕೋಚವಿಲ್ಲದೆ ವಿಚಾರಿಸಬಹುದಾದ ಸಂಗತಿಗಳಿವೆ. ಸ್ಕ್ಯಾನ್ ಎಷ್ಟು ದಿನ ಹಳೆಯದು, ಯೋಜನೆಯನ್ನು ಪರದೆಯ ಮೇಲೆ ತಮಗೊಮ್ಮೆ ತೋರಿಸುವಿರಾ, ತುಟಿಯ ಸ್ಪರ್ಶ ಉಳಿಯುವ ಸಂಭವವೆಷ್ಟು, ನಡುವೆ ಯಂತ್ರ ಕೈಕೊಟ್ಟರೆ ಹಳೆಯ ಕ್ರಮದಲ್ಲಿ ಮುಂದುವರಿಸುವ ಸಿದ್ಧತೆಯಿದೆಯೇ ಎಂಬಿವು. ಕೊನೆಯ ಪ್ರಶ್ನೆಗೆ ಒಳ್ಳೆಯ ಶಸ್ತ್ರವೈದ್ಯನು ಸಿಡುಕುವುದಿಲ್ಲ, ನಗುತ್ತಾನೆ. ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ದಿನೇ ದಿನೇ ಕಿರಿದಾಗುವ ಬಾಯಿ ಇವುಗಳನ್ನು ಕಂಡವರಂತೂ ಮುಂದಿನ ಬಾರಿ ಊರಿಗೆ ಹೋದಾಗ ತೋರಿಸಿದರಾಯಿತೆಂದು ಮುಂದೂಡದೆ ಇಲ್ಲಿಯೇ ತೋರಿಸಬೇಕು. ಆಗ ಬಹುಮಟ್ಟಿಗೆ ಎಲುಬಿನ ತನಕ ಹೋಗುವ ಪ್ರಮೇಯವೇ ಬಾರದು.

ಬಡಾಬಜಾರಿನ ಗೃಹಸ್ಥರ ಶಸ್ತ್ರಚಿಕಿತ್ಸೆ ಮುಗಿಯುವ ಹೊತ್ತಿಗೆ ಏನಾಗುತ್ತದೆ? ಕಾಲಿನ ಎಲುಬು ದವಡೆಯಾಗಿ ಕುಳಿತಿದೆ, ಟೈಟಾನಿಯಂ ಪಟ್ಟಿಯನ್ನು ತಿರುಪುಗಳಿಂದ ಬಿಗಿದಾಗಿದೆ. ವೈದ್ಯನು ಕನ್ನಡಕವನ್ನು ತೆಗೆದಿಟ್ಟು, ಎರಡು ಬೆರಳುಗಳಿಂದ ಗಲ್ಲವನ್ನು ಹಿಡಿದು, ಉಳಿದ ಕೆಳಹಲ್ಲುಗಳನ್ನು ಮೇಲಿನ ಹಲ್ಲುಗಳಿಗೆ ಮೆಲ್ಲನೆ ತಾಗಿಸಿ ನೋಡುತ್ತಾನೆ. ರಫಿಯುದ್ದೀನ್ ಅಹ್ಮದರ ಕಾಲದಲ್ಲಿಯೂ ದವಡೆಯನ್ನು ಪರೀಕ್ಷಿಸುತ್ತಿದ್ದುದು ಹೀಗೆಯೇ. ಕೆಲವು ದಿನಗಳ ಮೇಲೆ ಮತ್ತೊಂದು ಸಿ.ಟಿ. ಸ್ಕ್ಯಾನ್ ತೆಗೆದು, ಮೊದಲು ಹಾಕಿದ ಯೋಜನೆಯ ಚಿತ್ರದ ಮೇಲೆ ಅದನ್ನಿಟ್ಟು, ಎಲ್ಲೆಲ್ಲಿ ಎಷ್ಟೆಷ್ಟು ಮಿಲಿಮೀಟರ್ ವ್ಯತ್ಯಾಸ ಬಂದಿದೆಯೆಂಬುದನ್ನು ಅಳೆದು ಕಡತದಲ್ಲಿ ಬರೆದಿಡುತ್ತಾರೆ.